ಗೊತ್ತಿಲ್ಲದ ಭಾಷೆ ಅಷ್ಟು ವೇಗವಾಗಿ ಕೇಳಿಸುವುದು ಯಾಕೆ?

ಪ್ರಶ್ನೆ: ಹೊಸ ಭಾಷೆಯೊಂದನ್ನು ಕಲಿಯುತ್ತಿದ್ದೇನೆ. ಓದಿದರೆ ಸುಮಾರಾಗಿ ಅರ್ಥವಾಗುತ್ತದೆ. ಆದರೆ ಆ ಭಾಷೆಯವರು ಬಾಯಿಬಿಟ್ಟರೆ ಒಂದು ಪದವೂ ಬಿಡಿಯಾಗಿ ಕೇಳಿಸುವುದಿಲ್ಲ. ಅವರು ನಿಜವಾಗಿಯೂ ನಮಗಿಂತ ವೇಗವಾಗಿ ಮಾತಾಡುತ್ತಾರಾ? ಇಲ್ಲಾ, ನನ್ನ ಕಿವಿಯದೇ ತೊಂದರೆಯಾ?

ಉತ್ತರ: ನಿಮ್ಮ ಕಿವಿಗೆ ಏನೂ ಆಗಿಲ್ಲ. ಅವರ ವೇಗವೂ ನಿಮಗೆ ಅನಿಸುವಷ್ಟು ಇರುವುದಿಲ್ಲ. ಸ್ವಂತ ಭಾಷೆಯನ್ನು ಕೇಳುವಾಗ ನಿಮ್ಮ ಮನಸ್ಸು ನಿಮಗೇ ಗೊತ್ತಾಗದ ಹಾಗೆ ಬಹಳ ದೊಡ್ಡ ಕೆಲಸವೊಂದನ್ನು ಮಾಡುತ್ತಿರುತ್ತದೆ. ಹೊಸ ಭಾಷೆಯಲ್ಲಿ ಆ ಕೆಲಸ ಅದಕ್ಕೆ ಇನ್ನೂ ಬರುವುದಿಲ್ಲ. ಕನ್ನಡ ಬಾರದವರಿಗೆ ನಮ್ಮ ಮಾತೂ ಹಾಗೇ ಒಂದೇ ಸಮನೆ ಸುರಿದಂತೆ ಕೇಳಿಸುತ್ತದೆ.

ಮೊದಲು ವೇಗದ ವಿಷಯ ಮುಗಿಸೋಣ. ಭಾಷೆಗಳ ನಡುವೆ ವೇಗದ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಫ್ರಾನ್ಸಿನ ಭಾಷಾ ಸಂಶೋಧಕ ಫ್ರಾಂಸ್ವಾ ಪೆಲ್ಲೆಗ್ರಿನೊ ಮತ್ತು ಸಂಗಡಿಗರು 2011ರಲ್ಲಿ ಅಳತೆ ಮಾಡಿ ನೋಡಿದರು. ಜಪಾನಿ ಮತ್ತು ಸ್ಪ್ಯಾನಿಷ್ ಓದುವವರ ಬಾಯಲ್ಲಿ ಸೆಕೆಂಡಿಗೆ 8ರ ಹತ್ತಿರ ಸಿಲಬಲ್‌ಗಳು, ಅಂದರೆ ‘ಮ-ನೆ-ಗೆ’ ಥರ ಒಂದೊಂದು ಸಲಕ್ಕೆ ಉಚ್ಚರಿಸುವ ತುಣುಕುಗಳು, ಬಂದವು. ಮ್ಯಾಂಡರಿನ್ ಚೀನೀ ಭಾಷೆಯಲ್ಲಿ 5ಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ವೇಗದ ಭಾಷೆಯಲ್ಲಿ ಒಂದೊಂದು ಸಿಲಬಲ್ ಹೊತ್ತು ತರುವ ಮಾಹಿತಿ ಕಡಿಮೆ, ನಿಧಾನದ ಭಾಷೆಯಲ್ಲಿ ಹೆಚ್ಚು. ಅದೇ ತಂಡ 2019ರಲ್ಲಿ 17 ಭಾಷೆಗಳನ್ನು ಹೋಲಿಸಿದಾಗ, ಸರಾಸರಿಯಾಗಿ ಸೆಕೆಂಡಿಗೆ ಸುಮಾರು 39 ಬಿಟ್ (ಮಾಹಿತಿಯನ್ನು ಅಳೆಯುವ ಮಾನ) ಮಾಹಿತಿ ಸಾಗುತ್ತದೆ, ಭಾಷೆ ಬದಲಾದರೂ ಈ ಲೆಕ್ಕ ಅಷ್ಟಾಗಿ ಬದಲಾಗುವುದಿಲ್ಲ ಎಂದು ಕಂಡಿತು.

ಅಂದರೆ ನಿಧಾನವಾಗಿ ಆಡುವ ಭಾಷೆಯೂ ಗೊತ್ತಿಲ್ಲದಿದ್ದರೆ ವೇಗವಾಗಿಯೇ ಕೇಳಿಸುತ್ತದೆ. ಇದಕ್ಕೂ ಪುರಾವೆ ಇದೆ. ಜಪಾನಿ ಮತ್ತು ಜರ್ಮನ್ ಮಾತಾಡುವವರಿಗೆ ಎರಡೂ ಭಾಷೆಗಳ ವಾಕ್ಯಗಳನ್ನು ಕೇಳಿಸಿದಾಗ, ಎರಡೂ ಕಡೆಯವರಿಗೆ ತಮಗೆ ಬಾರದ ಭಾಷೆಯೇ ವೇಗವಾಗಿ ಕೇಳಿಸಿತು. ಇಬ್ಬರೂ ಸರಿ ಇರಲು ಸಾಧ್ಯವಿಲ್ಲ, ಅಲ್ವಾ?

ಹಾಗಾದರೆ ತೊಡಕು ಎಲ್ಲಿದೆ? ಪದಗಳ ನಡುವಿನ ಜಾಗದಲ್ಲಿ. ಅಂಥ ಜಾಗವೇ ಮಾತಿನಲ್ಲಿ ಇಲ್ಲ.

ನಂಬಿಕೆ ಬರದಿದ್ದರೆ ‘ಅಕ್ಕ ಮನೆಗೆ ಹೋದಳು’ ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆ ಧ್ವನಿಯ ಅಲೆಗಳ ಚಿತ್ರ ನೋಡಿ. ‘ಅಕ್ಕ’ ಮತ್ತು ‘ಮನೆಗೆ’ ಇವುಗಳ ನಡುವೆ ಸದ್ದು ಎಲ್ಲೂ ಕಡಿಯುವುದಿಲ್ಲ. ಒಂದು ಕಡೆ ಮಾತ್ರ ಸದ್ದು ಪೂರ್ತಿ ನಿಂತಿರುತ್ತದೆ. ಅದು ‘ಅಕ್ಕ’ ಪದದ ಒಳಗೆ. ‘ಕ್ಕ’ ಹೇಳಲು ನಾಲಿಗೆಯ ಹಿಂಭಾಗ ಮೇಲಕ್ಕೆ ಒತ್ತಿ ಉಸಿರನ್ನು ತಡೆಯುತ್ತದಲ್ಲ, ಆ ಹೊತ್ತು ಮೌನ. ಇರಬೇಕಾದ ಕಡೆ ಇಲ್ಲದ ಮೌನ ಇರಬಾರದ ಕಡೆ ಇದೆ! ಆದರೂ ನಮಗೆ ಆ ಪದ ‘ಅ’ ಮತ್ತು ‘ಕ’ ಎಂದು ಎರಡಾಗಿ ಕೇಳಿಸುವುದಿಲ್ಲ. ‘ಅಕ್ಕ’ ಮುಗಿದು ‘ಮನೆ’ ಶುರುವಾದದ್ದು ಸ್ಪಷ್ಟವಾಗಿ ಕೇಳಿಸುತ್ತದೆ.

ಆಡುಮಾತು ಇದಕ್ಕಿಂತ ಬಿಗಿ. ‘ಎಲ್ಲಿಗೆ ಹೋಗ್ತಾ ಇದ್ದೀಯ’ ಅಂತ ಬರೆಯುತ್ತೇವೆ, ಬಾಯಲ್ಲಿ ಬರುವುದು ‘ಎಲ್ಲಿಗೋಗ್ತಿದ್ದೀಯ’. ಕೇಳುವವರಿಗೆ ಒಂದಿಷ್ಟೂ ಕಷ್ಟವಾಗುವುದಿಲ್ಲ. ಸ್ವಂತ ಭಾಷೆಯ ಪದಗಳೂ ಬಿಡಿಬಿಡಿಯಾಗಿ ನೋಡಿದರೆ ಎಷ್ಟು ಅಸ್ಪಷ್ಟ ಎಂಬುದನ್ನು 1964ರಲ್ಲಿ ಪೊಲಾಕ್ ಮತ್ತು ಪಿಕೆಟ್ ಎಂಬ ಇಬ್ಬರು ಸಂಶೋಧಕರು ತೋರಿಸಿದರು. ಸಹಜ ಮಾತಿನ ರೆಕಾರ್ಡಿಂಗಿನಿಂದ ಒಂದೊಂದೇ ಪದವನ್ನು ಕತ್ತರಿಸಿ ಕೇಳಿಸಿದರು. ಕೇಳಿದವರು ಗುರುತಿಸಿದ್ದು ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ. ಅಕ್ಕಪಕ್ಕದ ಪದಗಳನ್ನು ಸೇರಿಸಿ ಕೇಳಿಸಿದಾಗ ಅದೇ ತುಣುಕು ಅರ್ಥವಾಗತೊಡಗಿತು.

ನನಗೆ ತುಂಬಾ ಇಷ್ಟವಾದ ಪ್ರಯೋಗ ರಿಚರ್ಡ್ ವಾರನ್ 1970ರಲ್ಲಿ ಪ್ರಕಟಿಸಿದ್ದು. ಒಂದು ಇಂಗ್ಲಿಷ್ ವಾಕ್ಯದಿಂದ ಒಂದೇ ಒಂದು ಧ್ವನಿಯನ್ನು ಪೂರ್ತಿ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಕೆಮ್ಮನ್ನು ಸೇರಿಸಿದರು. ಏನಾದರೂ ಬಿಟ್ಟುಹೋಗಿದೆಯಾ ಎಂದು 20 ಜನರನ್ನು ಕೇಳಿದರು. ಇಲ್ಲ, ಎಲ್ಲ ಸರಿಯಾಗಿದೆ ಎಂದವರು 19 ಜನ. ಉಳಿದ ಒಬ್ಬರು ಏನೋ ಬಿಟ್ಟಿದೆ ಎಂದರು, ಆದರೆ ಯಾವುದು ಎಂದು ತಪ್ಪು ಹೇಳಿದರು. ಕೆಮ್ಮು ಕೇಳಿಸಿತ್ತು, ಆದರೆ ಅದು ವಾಕ್ಯದ ಯಾವ ಜಾಗದಲ್ಲಿ ಬಂತು ಎಂದು ಸರಿಯಾಗಿ ತೋರಿಸಲು ಯಾರಿಗೂ ಆಗಲಿಲ್ಲ. ಇಲ್ಲದ ಧ್ವನಿಯನ್ನು ಅವರು ಊಹಿಸಿದ್ದಲ್ಲ. ಅವರಿಗೆ ಅದು ನಿಜಕ್ಕೂ ಕೇಳಿಸಿತ್ತು.

ಇದರ ಮುಂದುವರಿಕೆ ಇನ್ನೂ ಬೆರಗಿನದು. ವಾಕ್ಯದ ನಡುವೆ ‘-ಈಲ್’ ಎಂಬ ಪದ, ಅದರ ಮೊದಲ ಧ್ವನಿಯ ಜಾಗದಲ್ಲಿ ಕೆಮ್ಮು. ಅದೇ ರೆಕಾರ್ಡಿಂಗ್, ಬದಲಾಗುವುದು ಕೊನೆಯ ಪದ ಮಾತ್ರ. ಕೊನೆಗೆ ‘ಶೂ’ ಬಂದರೆ ಜನರಿಗೆ ‘ಹೀಲ್’ (ಹಿಮ್ಮಡಿ) ಕೇಳಿಸುತ್ತಿತ್ತು. ‘ಆರೆಂಜ್’ ಬಂದರೆ ‘ಪೀಲ್’ (ಸಿಪ್ಪೆ), ‘ಟೇಬಲ್’ ಬಂದರೆ ‘ಮೀಲ್’ (ಊಟ). ಆಮೇಲೆ ಬರುವ ಪದ ಮೊದಲೇ ಕೇಳಿದ ಪದವನ್ನು ನಿರ್ಧರಿಸುತ್ತಿದೆ. ಮನಸ್ಸು ಸ್ವಲ್ಪ ಹೊತ್ತು ಸದ್ದನ್ನು ಹಿಡಿದಿಟ್ಟುಕೊಂಡು, ಅರ್ಥ ಹೊಂದಿಸಿ, ಆಮೇಲೆ ‘ಕೇಳಿಸಿತು’ ಎಂಬ ಅನುಭವವನ್ನು ಕೊಡುತ್ತದೆ.

ಹೊಸ ಭಾಷೆಯಲ್ಲಿ ಹೀಗೆ ತುಂಬಲು ನಿಮ್ಮ ಹತ್ತಿರ ಸಾಮಾನಿಲ್ಲ. ಯಾವ ಪದದ ಹಿಂದೆ ಯಾವುದು ಬರಬಹುದು ಎಂಬ ಅಂದಾಜಿಲ್ಲ. ಹಾಗಾಗಿ ಕಿವಿಗೆ ಬಿದ್ದದ್ದು ಇದ್ದ ಹಾಗೇ, ಅಂಚಿಲ್ಲದೆ, ಒಂದೇ ಉದ್ದನೆಯ ಸದ್ದಾಗಿ ಕೇಳಿಸುತ್ತದೆ. ಮೂರು ಪದ ಎಲ್ಲಿ, ಐದು ಪದ ಎಲ್ಲಿ ಎಂದು ತಿಳಿಯದೆ ಇದ್ದಾಗ ಆ ಗೊಂದಲವನ್ನು ನಾವು ವೇಗ ಅಂತ ಭಾವಿಸುತ್ತೇವೆ.

ಇನ್ನೊಂದು ತೊಡಕು ಇದಕ್ಕಿಂತ ಹಳೆಯದು, ಹುಟ್ಟಿದ ಮೊದಲ ವರ್ಷದ್ದು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಗುರುತಿಸುವ ಕೂಸುಗಳು ತೀರಾ ಕಡಿಮೆ. ಹಿಂದಿ ಮನೆಗಳ ಕೂಸುಗಳಿಗೆ ಆ ವಯಸ್ಸಿನಲ್ಲೂ ತೊಂದರೆ ಇರಲಿಲ್ಲ. ಮನೆಯ ಭಾಷೆಗೆ ಬೇಡದ ವ್ಯತ್ಯಾಸಗಳನ್ನು ಮನಸ್ಸು ಅಷ್ಟು ಬೇಗ ಬದಿಗಿಡುತ್ತದೆ. ನಮಗೆ ‘ಹಲ್ಲಿ’ ಬೇರೆ, ‘ಹಳ್ಳಿ’ ಬೇರೆ. ‘ಳ’ ಇಲ್ಲದ ಭಾಷೆಯಲ್ಲಿ ಬೆಳೆದವರಿಗೆ ಎರಡೂ ಒಂದೇ ಥರ ಕೇಳಿಸಬಹುದು. ಮ್ಯಾಂಡರಿನ್‌ನಲ್ಲಿ ‘ಮಾ’ ಎನ್ನುವಾಗ ದನಿ ಏರಿಳಿಯುವ ರೀತಿ ಬದಲಾದರೆ ತಾಯಿ ಹೋಗಿ ಕುದುರೆ ಆಗುತ್ತದೆ. ಅಲ್ಲಿ ತಡವರಿಸುವ ಸರದಿ ನಮ್ಮದು.

ಹಾಗಿದ್ದರೂ ಅದೇ ಕೂಸು ಪದಗಳ ಗಡಿಯನ್ನು ಹೇಗೆ ಕಂಡುಕೊಳ್ಳುತ್ತದೆ? ಅದಕ್ಕೆ ಒಂದು ಪದವೂ ಗೊತ್ತಿರುವುದಿಲ್ಲವಲ್ಲ. 1996ರಲ್ಲಿ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ 8 ತಿಂಗಳ ಕೂಸುಗಳಿಗೆ ಕಂಪ್ಯೂಟರ್ ದನಿಯಲ್ಲಿ ಅರ್ಥವಿಲ್ಲದ ಪದಗಳನ್ನು ಕೇಳಿಸಿದರು. ‘ಬಿಡಾಕು’, ‘ಪಡೋಟಿ’, ‘ಗೋಲಾಬು’ ಥರದವು. ನಡುವೆ ಬಿಡುವಿಲ್ಲ, ಒತ್ತಿಲ್ಲ, ರಾಗವಿಲ್ಲ. ಸಿಕ್ಕ ಸುಳಿವು ಒಂದೇ: ‘ಬಿ’ ಆದಮೇಲೆ ಯಾವಾಗಲೂ ‘ಡಾ’ ಬರುತ್ತಿತ್ತು, ಆದರೆ ‘ಕು’ ಆದಮೇಲೆ ಬೇರೆ ಬೇರೆ ಬರುತ್ತಿದ್ದವು. ಎರಡೇ ನಿಮಿಷ ಕೇಳಿದ ಕೂಸುಗಳು ಆಮೇಲೆ ಆ ಪದಗಳಿಗಿಂತ ಹೊಸ ಜೋಡಣೆಗಳನ್ನು ಜಾಸ್ತಿ ಹೊತ್ತು ಆಲಿಸಿದವು. ಅಂದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ಅವುಗಳಿಗೆ ತಿಳಿದಿತ್ತು. ಯಾರೂ ಹೇಳಿಕೊಡದೆ, ಸುಮ್ನೆ ಕೇಳಿಸಿಕೊಂಡು, ಯಾವುದರ ಜೊತೆ ಯಾವುದು ಬರುತ್ತದೆ ಎಂದು ಲೆಕ್ಕ ಇಟ್ಟಿದ್ದವು. ದೊಡ್ಡವರಲ್ಲೂ ಈ ಶಕ್ತಿ ಇದೆ ಎಂದು ಅಂಥದೇ ಪ್ರಯೋಗಗಳು ತೋರಿಸಿವೆ.

ನೆನಪಿನ ಮಾತನ್ನೂ ಹೇಳಿಬಿಡುತ್ತೇನೆ. ಸ್ವಂತ ಭಾಷೆಯ ಉದ್ದ ವಾಕ್ಯವೊಂದನ್ನು ಕೇಳಿದ ತಕ್ಷಣ ತಿರುಗಿ ಹೇಳಬಲ್ಲೆವು. ಹೊಸ ಭಾಷೆಯಲ್ಲಿ ನಾಲ್ಕೈದು ತುಣುಕು ದಾಟಿದರೆ ಮೊದಲಿನದು ಜಾರಿಹೋಗುತ್ತದೆ. ಕಾರಣ, ಸದ್ದಿನ ನೆನಪು ಬಹಳ ಚಿಕ್ಕದು. ಅದು ಮಾಸುವ ಮೊದಲೇ ಪದಗಳಾಗಿ, ಪದಗಳು ಅರ್ಥವಾಗಿ ಬದಲಾಗಬೇಕು. ಅರ್ಥ ಸಿಕ್ಕ ಕೂಡಲೇ ಮನಸ್ಸು ಪದಗಳನ್ನು ಬಿಟ್ಟುಬಿಡುತ್ತದೆ. ಜಾಕ್ವೆಲಿನ್ ಸ್ಯಾಕ್ಸ್ 1967ರಲ್ಲಿ ಇದನ್ನು ತೋರಿಸಿದರು. ವಾಕ್ಯ ಕೇಳಿ ಇನ್ನೂ 80 ಸಿಲಬಲ್‌ನಷ್ಟು ಮಾತು ಮುಂದೆ ಹೋದಮೇಲೆ, ವಾಕ್ಯದ ರೂಪ ಬದಲಾಗಿದ್ದರೆ ಜನ ಗುರುತಿಸುತ್ತಿರಲಿಲ್ಲ, ಅರ್ಥ ಬದಲಾಗಿದ್ದರೆ ಗುರುತಿಸುತ್ತಿದ್ದರು. ಹೊಸಬರಿಗೆ ಈ ಬದಲಾವಣೆ ತಡವಾಗುತ್ತದೆ. ಮೊದಲ ಪದ ಬಿಡಿಸುವಷ್ಟರಲ್ಲಿ ಮುಂದಿನ ವಾಕ್ಯ ಬಂದಿರುತ್ತದೆ.

ಹಾಗಾದರೆ ಏನು ಮಾಡಬೇಕು? ಪದಪಟ್ಟಿ ಉರುಹೊಡೆಯುವುದು ಸಾಲದು. ಆ ಪದಗಳು ಮಾತಿನಲ್ಲಿ ಹೇಗೆ ಸವೆದು ಬರುತ್ತವೆ ಎಂಬುದನ್ನು ಕೇಳಬೇಕು. ವಿಡಿಯೋ ನೋಡುವಾಗ ಸಬ್‌ಟೈಟಲ್ ಹಾಕಿಕೊಳ್ಳಿ, ಆದರೆ ಕಲಿಯುತ್ತಿರುವ ಭಾಷೆಯದನ್ನೇ ಹಾಕಿಕೊಳ್ಳಿ. ಮಿಟರರ್ ಮತ್ತು ಮೆಕ್‌ಕ್ವೀನ್ ಎಂಬುವರು 2009ರಲ್ಲಿ ಡಚ್ಚರಿಗೆ ಅಪರಿಚಿತ ಧಾಟಿಯ ಇಂಗ್ಲಿಷ್ ಕೇಳಿಸಿದಾಗ, ಇಂಗ್ಲಿಷ್ ಸಬ್‌ಟೈಟಲ್ ಕಿವಿಯನ್ನು ಹದಗೊಳಿಸಿತು, ಡಚ್ ಸಬ್‌ಟೈಟಲ್ ಅಡ್ಡಿಯಾಯಿತು. ತಾಯ್ನುಡಿಯ ಸಬ್‌ಟೈಟಲ್ ಕಥೆಯನ್ನು ಅರ್ಥ ಮಾಡಿಸುತ್ತದೆ, ಆದರೆ ಯಾವ ಸದ್ದು ಯಾವ ಪದ ಎಂದು ತೋರಿಸುವುದಿಲ್ಲ.

ಒಬ್ಬರದೇ ದನಿಗೆ ಅಂಟಿಕೊಳ್ಳಬೇಡಿ. ಇಂಗ್ಲಿಷಿನ ‘ರ’ ಮತ್ತು ‘ಲ’ ಬೇರೆ ಮಾಡಲು ಒದ್ದಾಡುವ ಜಪಾನೀಯರಿಗೆ 1990ರ ದಶಕದಲ್ಲಿ ತರಬೇತಿ ಕೊಟ್ಟಾಗ, ಹಲವರ ದನಿಯಲ್ಲಿ ಕಲಿತವರು ಹೊಸಬರ ಮಾತಿನಲ್ಲೂ ವ್ಯತ್ಯಾಸ ಹಿಡಿದರು. ಒಬ್ಬರ ದನಿಯಲ್ಲೇ ಕಲಿತವರಿಗೆ ಅದು ಆಗಲಿಲ್ಲ.

ಎದುರಿಗೆ ಮಾತಾಡುವವರನ್ನು ‘ನಿಧಾನವಾಗಿ ಹೇಳಿ’ ಎಂದರೆ ಅವರು ಒಂದೊಂದು ಪದವನ್ನೂ ಎಳೆದು ಹೇಳುತ್ತಾರೆ. ಆಗ ಕೇಳಿಸುವುದು ಯಾರೂ ಆಡದ ಭಾಷೆ. ಅದರ ಬದಲು, ಎಂದಿನ ವೇಗದಲ್ಲೇ ಹೇಳಿ ವಾಕ್ಯ ವಾಕ್ಯಕ್ಕೆ ಸ್ವಲ್ಪ ನಿಲ್ಲಿಸಿ ಎಂದು ಕೇಳಿಕೊಳ್ಳಿ. ಮಾತಿನ ಸಹಜ ರೂಪ ಹಾಗೇ ಉಳಿಯುತ್ತದೆ. ಸದ್ದು ಮಾಸುವ ಮೊದಲು ಅದನ್ನು ಬಿಡಿಸಿಕೊಳ್ಳಲು ನಿಮಗೂ ಹೊತ್ತು ಸಿಗುತ್ತದೆ.