ಪದ ಪರಿಚಯ: ಪ್ರಬಲ ಜಾತಿ

ಚುನಾವಣೆ ಹತ್ತಿರ ಬಂದರೆ ಸಾಕು, ಪೇಪರಿನಲ್ಲಿ ಜಾತಿವಾರು ಪಟ್ಟಿ ಶುರುವಾಗುತ್ತದೆ. ನವಲಗುಂದದಲ್ಲಿ ಇವರ ಮತ ಇಷ್ಟು, ರೋಣದಲ್ಲಿ ಅವರ ಮತ ಅಷ್ಟು, ಬ್ಯಾಡಗಿಯಲ್ಲಿ ಇನ್ನೊಬ್ಬರದು ಇಷ್ಟು. ಪಟ್ಟಿಯಲ್ಲಿ ಮೊದಲು ಬಂದ ಜಾತಿಗೆ ‘ಪ್ರಬಲ ಜಾತಿ’ ಅಂತ ಹೆಸರು. ಟಿವಿಯವರೂ ಅದನ್ನೇ ಹೇಳುತ್ತಾರೆ. ಈಚೆಗೆ ಪಿಯುಸಿ ಮಕ್ಕಳ ನೋಟ್ಸಿನಲ್ಲೂ ‘ಪ್ರಬಲ ಜಾತಿ ಎಂದರೆ ಹೆಚ್ಚು ಜನಸಂಖ್ಯೆ ಇರುವ ಜಾತಿ’ ಎಂಬ ಒಂದು ಸಾಲಿನ ಉತ್ತರ ನೋಡಿದೆ. ಮಕ್ಕಳಿಗೂ ಹೀಗೇ ಕಲಿಸಿದರೆ ಹೇಗೆ?

ತಲೆ ಎಣಿಸಿದರೆ ಸಿಗುವುದು ಬಹುಸಂಖ್ಯಾತ ಜಾತಿ. ಅದಕ್ಕೆ ಆ ಪದ ಇದ್ದೇ ಇದೆ, ಅದನ್ನೇ ಬರೆಯಬಹುದು. ‘ಪ್ರಬಲ ಜಾತಿ’ ಹುಟ್ಟಿದ್ದು ಬೇರೆ ಪ್ರಶ್ನೆಯಿಂದ: ಈ ಊರಲ್ಲಿ ಯಾರ ಮಾತು ನಡೆಯುತ್ತದೆ?

ಪ್ರಶ್ನೆ ಕೇಳಿದವರು ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಕೂತರು. ಬರಹದಲ್ಲಿ ಆ ಊರಿಗೆ ರಾಂಪುರ ಅಂತ ಹೆಸರಿಟ್ಟರು. 1955ರ ಲೇಖನದಲ್ಲಿ ಈ ಪದ ಬಳಸಿದರು, 1959ರಲ್ಲಿ ಅದರ ಮೇಲೇ ಇನ್ನೊಂದು ಲೇಖನ ಬರೆದರು. ರಾಜ್ಯಶಾಸ್ತ್ರದವರು ಸಾಮಾನ್ಯವಾಗಿ ಪಕ್ಷ, ಸೀಟು, ಮತಗಳಿಂದ ಶುರು ಮಾಡುತ್ತಾರೆ. ಮಾನವಶಾಸ್ತ್ರದವರು ಜಗಳದಿಂದ ಶುರು ಮಾಡುತ್ತಾರೆ. ಜಗಳ ಯಾರ ನಡುವೆ, ಬಗೆಹರಿಸಲು ಯಾರ ಹತ್ತಿರ ಹೋದರು, ದಂಡ ಹಾಕಿದವರು ಯಾರು, ದಂಡ ಕಟ್ಟದಿದ್ದರೆ ಏನಾಗುತ್ತಿತ್ತು? ಶ್ರೀನಿವಾಸ್ ಬರೆದ ಪ್ರಕರಣಗಳಲ್ಲಿ ಒಬ್ಬ ಕುಂಬಾರ ಮತ್ತು ಒಬ್ಬ ಪೂಜಾರಿಯ ಜಗಳ ಒಂದು. ಆ ಊರಿನ ಪ್ರಬಲ ಜಾತಿ ಒಕ್ಕಲಿಗರು, ಇವರಿಬ್ಬರೂ ಒಕ್ಕಲಿಗರಲ್ಲ. ನ್ಯಾಯ ಹೇಳಿದವರು ಮಾತ್ರ ಒಕ್ಕಲಿಗ ಹಿರಿಯರು. ಬೇರೆ ಜಾತಿಯವರು ತಮ್ಮ ತಂಟೆಯನ್ನು ತಾವಾಗಿಯೇ ತಂದು ಇವರ ಮುಂದೆ ಇಡುತ್ತಾರಲ್ಲ, ಪ್ರಾಬಲ್ಯ ಕಣ್ಣಿಗೆ ಬೀಳುವುದು ಅಲ್ಲಿ.

ಇನ್ನು ಗೊಂದಲದ ಬೇರಿಗೆ ಬರೋಣ. ಶ್ರೀನಿವಾಸರ 1955ರ ವ್ಯಾಖ್ಯೆಯಲ್ಲಿ ಸಂಖ್ಯೆಯ ಮಾತು ಇದೆ, ಅದೂ ಮೊದಲೇ ಇದೆ. ರಾಂಪುರದಲ್ಲಿ ಒಕ್ಕಲಿಗರು ಸುಮಾರು ಅರ್ಧದಷ್ಟಿದ್ದರು, ಹೆಚ್ಚಿನ ಜಮೀನೂ ಅವರದೇ. ಎಲ್ಲವೂ ಒಂದೇ ಕಡೆ ಕೂಡಿತ್ತು. ಓದಿದವರು ಮೊದಲ ತುಂಡನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟರು. ಆದರೆ ಅದೇ ವಾಕ್ಯ ಮುಂದುವರಿದು, ಆರ್ಥಿಕ ಮತ್ತು ರಾಜಕೀಯ ಬಲವೂ ಅವರ ಕೈಯಲ್ಲಿರಬೇಕು ಎನ್ನುತ್ತದೆ. 1959ರಲ್ಲಿ ಇನ್ನಷ್ಟು ಸೇರಿಸಿದರು: ಇಂಗ್ಲಿಷ್ ಓದು, ಸರ್ಕಾರಿ ನೌಕರಿ, ಪೇಟೆಯಿಂದ ಬರುವ ದುಡ್ಡು. ಇವೆಲ್ಲ ಒಂದೇ ಜಾತಿಯ ಹತ್ತಿರ ಇರಬೇಕೆಂದೇನಿಲ್ಲ, ಒಂದೊಂದು ಒಬ್ಬೊಬ್ಬರ ಕೈಯಲ್ಲಿ ಹಂಚಿಹೋಗಿರಬಹುದು ಅಂತಲೂ ಹೇಳಿದರು. ಈ ಮಾತನ್ನು ನಮ್ಮವರು ಉಲ್ಲೇಖಿಸುವುದೇ ಇಲ್ಲ.

ಪದದ ಹಿಂದಿನ ಕಥೆ ಗೊತ್ತಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಅವರ ಗುರುಗಳಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಒಬ್ಬರು. ಅವರು ಈಗಿನ ದಕ್ಷಿಣ ಸುಡಾನಿನ ನುಯೆರ್ ಜನರನ್ನು ಅಧ್ಯಯನ ಮಾಡಿ 1940ರಲ್ಲಿ ಪುಸ್ತಕ ತಂದಿದ್ದರು. ನುಯೆರ್ ದನ ಸಾಕುವ ಜನ. ಅವರಿಗೆ ರಾಜ ಇರಲಿಲ್ಲ, ಪೊಲೀಸ್ ಇರಲಿಲ್ಲ, ಕೋರ್ಟ್ ಇರಲಿಲ್ಲ. ಕೊಲೆಯಾದರೆ ಚಿರತೆ ಚರ್ಮ ಹೊದ್ದ ಒಬ್ಬ ಹಿರಿಯ ನಡುವೆ ಬಂದು ಎಷ್ಟು ದನ ಕೊಡಬೇಕು ಅಂತ ರಾಜಿ ಮಾಡಿಸುತ್ತಿದ್ದ. ಬಲವಂತ ಮಾಡುವ ಅಧಿಕಾರ ಅವನಿಗಿರಲಿಲ್ಲ. ಸರ್ಕಾರವೇ ಇಲ್ಲದ ಕಡೆ ರಾಜಕೀಯ ಹೇಗೆ ನಡೆಯುತ್ತದೆ ಅನ್ನೋದು ಇವಾನ್ಸ್-ಪ್ರಿಚರ್ಡ್ ಹಿಡಿದ ಪ್ರಶ್ನೆ. ಅಲ್ಲಿ ಪ್ರತಿಯೊಂದು ಪಂಗಡದ ನೆಲಕ್ಕೂ ಒಂದು ಪ್ರಬಲ ಕುಲ ಇರುತ್ತಿತ್ತು. ನೆಲಕ್ಕೂ ಆ ಕುಲಕ್ಕೂ ಹೆಸರಿನ ನಂಟು. ಉಳಿದವರು ಮದುವೆಯಿಂದಲೋ ದತ್ತಿನಿಂದಲೋ ಅದಕ್ಕೆ ಸಂಬಂಧ ಹೆಣೆದುಕೊಳ್ಳುತ್ತಿದ್ದರು. ಈ ಕುಲದವರು ತಮ್ಮ ನೆಲದಲ್ಲೇ ಸಾಮಾನ್ಯವಾಗಿ ಅಲ್ಪಸಂಖ್ಯಾತರು! ಹೊರಗಿನಿಂದ ಬಂದು ಸೇರಿಕೊಂಡವರೇ ಜಾಸ್ತಿ. ಅಂದರೆ ‘ಪ್ರಬಲ’ ಅನ್ನುವ ವಿಚಾರ ಆಫ್ರಿಕಾದಿಂದ ಹೊರಟಾಗ ಅದರಲ್ಲಿ ಸಂಖ್ಯೆಯ ಲೆಕ್ಕ ಇರಲೇ ಇಲ್ಲ.

ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ದ್ಯುಮೋ 1966ರಲ್ಲಿ ಇದನ್ನೇ ಎತ್ತಿದ. ಅವನ ಪ್ರಕಾರ ಭೂಮಿ ಮುಖ್ಯ, ಸಂಖ್ಯೆ ಅದರ ಹಿಂದೆ ಬರುತ್ತದೆ. ಭೂಮಿ ಇದ್ದವನ ಸುತ್ತ ಕೂಲಿಯವರು, ಪಾಲಿಗೆ ಮಾಡುವವರು, ಸಾಲ ತಂದವರು ಇರುತ್ತಾರೆ. ಅವನ ಹಿಂದಿನ ಜನಬಲ ಅಂದರೆ ಅವರೇ. ನನಗೆ ದ್ಯುಮೋನ ಮಾತೇ ಸರಿ ಅನ್ನಿಸುತ್ತದೆ. ಆದರೆ ಬಡಿದಾಟದ ಹೊತ್ತಿಗೆ ಕೈಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ ಎಂಬ ಶ್ರೀನಿವಾಸರ ಮಾತನ್ನು ತಳ್ಳಿಹಾಕುವಂತಿಲ್ಲ.

ನಮ್ಮ ಉತ್ತರ ಕರ್ನಾಟಕದ ಕಡೆಗೆ ಬನ್ನಿ. ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಊರು ಅಂತ ಇಟ್ಟುಕೊಳ್ಳಿ. ಮಳೆ ಬಿದ್ದರೆ ದಾರಿಯಲ್ಲಿ ಕಾಲಿಡಲಾಗದಷ್ಟು ಕೆಸರು. ಹಿಂದಿನ ಹೊಲದವನ ಟ್ರ್ಯಾಕ್ಟರ್ ಮುಂದಿನವನ ಹೊಲದ ಬದುವಿನ ಮೇಲೆ ಹಾಯಬೇಕು. ಮುಂದಿನವನು ಮುಳ್ಳು ಹಚ್ಚುತ್ತಾನೆ. ತಹಶೀಲ್ದಾರರಿಗೆ ಅರ್ಜಿ ಕೊಡಬಹುದು, ಕೋರ್ಟಿಗೂ ಹೋಗಬಹುದು. ಆದರೆ ಮೊದಲು ದೈವ ಕೂಡಿಸುತ್ತಾರೆ. ಬೆಂಗಳೂರಿನ ಓದುಗರಿಗಾಗಿ ಹೇಳುತ್ತೇನೆ: ಇಲ್ಲಿ ದೈವ ಅಂದರೆ ದೇವರಲ್ಲ, ಗುಡಿ ಕಟ್ಟೆಯ ಮೇಲೆ ಸೇರುವ ಊರ ಹಿರಿಯರು. ಅಲ್ಲಿ ಹೋಗಿ ನೋಡಿದರೆ ತಿಳಿಯುತ್ತದೆ. ಪಂಚಾಯ್ತಿ ಸದಸ್ಯ ಕಟ್ಟೆಯ ಕೆಳಗೆ ನಿಂತಿರಬಹುದು, ಯಾವ ಹುದ್ದೆಯೂ ಇಲ್ಲದ ಒಬ್ಬರು ಬರುವ ತನಕ ಮಾತು ಶುರುವಾಗದೇ ಇರಬಹುದು. ‘ಗೌಡ್ರು ಬರ್ಲಿ ತಡೀರಿ’ ಅಂದಾಗ ಆ ಗೌಡಕಿಗೆ, ಅಂದರೆ ಊರ ಮುಖ್ಯಸ್ಥನ ವಂಶಪಾರಂಪರ್ಯ ಹುದ್ದೆಗೆ, ಕಾನೂನಿನಲ್ಲಿ ಈಗ ಜಾಗವೇ ಇಲ್ಲ. ಊರ ಹುದ್ದೆಗಳನ್ನು ರದ್ದು ಮಾಡುವ ಕಾನೂನು 1961ರಲ್ಲೇ ಆಗಿದೆ. ಗೌಡರಿಗಾಗಿ ಕಾದು ಕೂತವರು ಮಾತ್ರ ಈಗಲೂ ಇದ್ದಾರೆ.

ಊರ ಲೆಕ್ಕಪತ್ರ ಬರೆಯುತ್ತಿದ್ದ ಕುಲಕರ್ಣಿ ಮನೆತನಗಳನ್ನು ನೋಡಿ. ಬಹಳ ಊರುಗಳಲ್ಲಿ ಒಂದೋ ಎರಡೋ ಮನೆ. ಆದರೂ ದಫ್ತರ ಅವರ ಕೈಯಲ್ಲಿ, ಯಾರ ಹೊಲ ಎಷ್ಟು ಎಕರೆ ಅನ್ನೋದು ಅವರ ಬರಹದಲ್ಲಿ. ಮುಂಬಯಿ ಸರ್ಕಾರದ 1950ರ ಕಾನೂನಿನಿಂದ ಆ ವತನ, ಅಂದರೆ ವಂಶಪಾರಂಪರ್ಯ ಹುದ್ದೆ, ಹೋಯಿತು, 1974ರ ಭೂಸುಧಾರಣೆಯಿಂದ ಗೇಣಿಗೆ ಕೊಟ್ಟ ಭೂಮಿ ಉಳುವವನದಾಯಿತು. ಮುಂಚೆಯೂ ಅವರ ಸಂಖ್ಯೆ ಕಡಿಮೆ, ಆಮೇಲೂ ಕಡಿಮೆ. ಬದಲಾದದ್ದು ಅವರ ಮಾತು ನಡೆಯುತ್ತದೋ ಇಲ್ಲವೋ ಅನ್ನೋದು. ತಲೆ ಎಣಿಸುವವರು ಇದನ್ನು ಹೇಗೆ ವಿವರಿಸುತ್ತಾರೆ?

‘ಪ್ರಬಲ ಜಾತಿ’ಯನ್ನು ‘ಮೇಲ್ಜಾತಿ’ ಎಂಬ ಅರ್ಥದಲ್ಲಿ ಬಳಸುವುದೂ ತಪ್ಪೇ. ಮಡಿ-ಮೈಲಿಗೆಯ ಲೆಕ್ಕದಲ್ಲಿ ತೀರಾ ಕೆಳಗಿರಬಾರದು ಅಂತ ಮಾತ್ರ ಶ್ರೀನಿವಾಸ್ ಹೇಳಿದ್ದು. ಎಲ್ಲರಿಗಿಂತ ಮೇಲಿರಬೇಕೆಂದಲ್ಲ.

ಇನ್ನೊಂದು ಆಕ್ಷೇಪ ನನಗೆ ತುಂಬಾ ಹಿಡಿಸಿದ್ದು. ಸಮಾಜಶಾಸ್ತ್ರಜ್ಞ ಎಸ್.ಸಿ. ದುಬೆ 1968ರಲ್ಲಿ ಕೇಳಿದರು: ಪ್ರಬಲವಾಗಿರುವುದು ನಿಜಕ್ಕೂ ಜಾತಿಯೋ ಅಥವಾ ಆ ಜಾತಿಯ ನಾಲ್ಕು ಮನೆಗಳೋ? ನಮ್ಮ ಊರುಗಳಲ್ಲಿ ‘ಎರಡು ಪಾರ್ಟಿ ಅದಾವ’ ಅನ್ನುತ್ತಾರಲ್ಲ, ಅವು ಕಾಂಗ್ರೆಸ್ಸು ಬಿಜೆಪಿಗಿಂತ ಹಳೆಯವು. ಎಷ್ಟೋ ಸಲ ಎರಡೂ ಪಾರ್ಟಿಯ ಮುಖಂಡರು ಒಂದೇ ಜಾತಿಯವರು, ಕೆಲವೊಮ್ಮೆ ಒಂದೇ ಮನೆತನದ ದಾಯಾದಿಗಳು. ಅದೇ ಜಾತಿಯ ಎರಡು ಎಕರೆ ಒಣ ಬೇಸಾಯದ ರೈತ ಸೊಸೈಟಿ ಸಾಲಕ್ಕೆ ಇವರಲ್ಲೊಬ್ಬರ ಹಿಂದೆ ಅಡ್ಡಾಡುತ್ತಿರುತ್ತಾನೆ. ಅವನಿಗೂ ‘ಪ್ರಬಲ’ ಅಂದರೆ ಆ ಪದಕ್ಕೆ ಏನು ಅರ್ಥ ಉಳಿಯಿತು? ಇಡೀ ಲಿಂಗಾಯತ ಸಮುದಾಯವನ್ನೋ ಇಡೀ ಕುರುಬ ಸಮುದಾಯವನ್ನೋ ಒಂದೇ ಗಂಟು ಕಟ್ಟಿ ಜಿಲ್ಲೆಯ ನಕ್ಷೆಯ ಮೇಲೆ ಬಣ್ಣ ಬಳಿದರೆ ಇದ್ಯಾವುದೂ ಕಾಣುವುದಿಲ್ಲ. ಪ್ರಾಬಲ್ಯ ಊರಿಂದ ಊರಿಗೆ ಬೇರೆ. ಹಳ್ಳ ದಾಟಿದರೆ ಇನ್ಯಾರದೋ ಮಾತು ನಡೆಯುತ್ತಿರುತ್ತದೆ.

1955ರ ಅದೇ ಲೇಖನದಲ್ಲಿ ಶ್ರೀನಿವಾಸ್ ಇನ್ನೊಂದು ಪದ ಬಿಟ್ಟುಹೋದರು: ವೋಟ್ ಬ್ಯಾಂಕ್. ಅದಕ್ಕೂ ಇದೇ ಗತಿ ಬಂತು. ಈಗ ಅದು ಒಂದು ಸಮುದಾಯವನ್ನು ಬೈಯಲು ಬಳಸುವ ಮಾತು. ಶ್ರೀನಿವಾಸರು ಹೇಳಿದ್ದು ಊರಿನ ಮುಖಂಡನ ಬಗ್ಗೆ. ತನ್ನ ಹೊಲದಲ್ಲಿ ದುಡಿಯುವವರ, ತನ್ನಿಂದ ಸಾಲ ಪಡೆದವರ ಮತಗಳನ್ನು ಒಟ್ಟು ಮಾಡಿ ರಾಜಕಾರಣಿಗೆ ಕೊಡಿಸಬಲ್ಲವನು ಅವನು. ಆ ಬ್ಯಾಂಕ್ ಒಡೆಯುವುದು ಕೂಲಿಗೆ ಅವನ ಹೊಲಕ್ಕೇ ಹೋಗಬೇಕಿಲ್ಲ ಅಂತಾದಾಗ. ನರೇಗಾ ಕೂಲಿ, ರೇಷನ್ ಅಕ್ಕಿ, ಹುಬ್ಬಳ್ಳಿಗೆ ಹೋಗುವ ಬೆಳಗಿನ ಬಸ್ಸು, ಇವು ಬಂದ ಮೇಲೆ ಯಾವ ಊರಲ್ಲಿ ಯಾರು ಯಾರ ಕಟ್ಟೆಗೆ ಹೋಗುವುದನ್ನು ಬಿಟ್ಟರು ಅಂತ ಯಾರಾದರೂ ವರದಿ ಮಾಡಿದರೆ ಓದಲು ನಾನು ಮೊದಲಿಗ.