ದಮ್ಮು ಎದೆಯಲ್ಲಿ, ಲಾಭ ಕಾಲಿನಲ್ಲಿ

ಹೃದಯ ವೈಫಲ್ಯ ಇರುವವರು, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರು ಬಿಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವವರು ಇಬ್ಬರೂ ನನ್ನ ಹತ್ತಿರ ಹೇಳುವುದು ಒಂದೇ: "ನಡೆದರೆ ದಮ್ಮು ಬರುತ್ತೆ ಡಾಕ್ಟ್ರೇ, ಅದಕ್ಕೇ ನಡೆಯೋದು ಬಿಟ್ಟಿದ್ದೀನಿ." ದಮ್ಮು ಒಂದೇ ಇರಬಹುದು, ಅದು ಬರುವ ದಾರಿ ಬೇರೆ ಬೇರೆ.

ಸುಮ್ನೆ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ. ಆರೋಗ್ಯವಂತರು ಜೋರಾಗಿ ಓಡಿದರೆ ಇದು 15-20 ಲೀಟರ್ ಆಗುತ್ತದೆ. ಅಷ್ಟೂ ರಕ್ತ ಶ್ವಾಸಕೋಶವನ್ನು ಹಾದೇ ಹೋಗಬೇಕು. ಆದರೂ ಅಲ್ಲಿ ಒತ್ತಡ ಅಷ್ಟೇನೂ ಏರುವುದಿಲ್ಲ. ಕೂತಾಗ ಮುಚ್ಚಿಕೊಂಡಿದ್ದ ಸಣ್ಣ ರಕ್ತನಾಳಗಳು ತೆರೆದುಕೊಳ್ಳುತ್ತವೆ, ತೆರೆದಿದ್ದವು ಹಿಗ್ಗುತ್ತವೆ.

ಸಿಒಪಿಡಿ ಬಲಿತವರಲ್ಲಿ ಈ ನಾಳಗಳೇ ಕಮ್ಮಿಯಾಗಿರುತ್ತವೆ. ಸ್ವಲ್ಪ ನಡೆದರೂ ಒತ್ತಡ ಏರಿ, ಹೃದಯದ ಬಲಭಾಗ ತಿಣುಕುತ್ತದೆ. ಜೊತೆಗೆ, ಉಸಿರು ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರು ಎಳೆದುಕೊಳ್ಳುತ್ತಾರೆ. ಗಾಳಿ ಎದೆಯೊಳಗೇ ತುಂಬಿಕೊಳ್ಳುತ್ತದೆ. ಆ ಬಿಗಿತಕ್ಕೆ ಹೃದಯಕ್ಕೆ ವಾಪಸ್ ಬರುವ ರಕ್ತವೂ ಕಮ್ಮಿಯಾಗಬಹುದು. ತುಟಿ ಚೂಪು ಮಾಡಿ ನಿಧಾನಕ್ಕೆ ಉಸಿರು ಬಿಡಿ ಅಂತ ನಾವು ಹೇಳಿಕೊಡುವುದು ಇದಕ್ಕೇ. ಹೃದಯ ವೈಫಲ್ಯದಲ್ಲಿ ತೊಂದರೆ ಹೆಚ್ಚಾಗಿ ಎಡಭಾಗದ್ದು. ಬಂದ ರಕ್ತವನ್ನು ಅದು ಸರಿಯಾಗಿ ಮುಂದೆ ಕಳಿಸಲಾರದು, ಹಿಂದಿರುವ ಶ್ವಾಸಕೋಶದಲ್ಲಿ ಒತ್ತಡ ಕಟ್ಟುತ್ತದೆ.

ಹಾಗಾದರೆ ವ್ಯಾಯಾಮದಿಂದ ಏನು ಸರಿಹೋಗುತ್ತದೆ? ಕೆಲವು ತಿಂಗಳು ತಪ್ಪದೆ ಮಾಡಿ, ಈಗ ಮೆಟ್ಟಿಲು ಹತ್ತುವವರ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ನೋಡಿದರೆ ಪಂಪಿಂಗ್ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತದೆ. ಸಿಒಪಿಡಿಯವರು ಊದುವ ಪರೀಕ್ಷೆಯೂ ಅಷ್ಟೇ. ಮನೆಯವರಿಗೆ ಬೇಜಾರು. ಆದರೆ ಬದಲಾಗಿರುವುದು ಕಾಲು. ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಜಾಸ್ತಿಯಾಗುತ್ತವೆ, ಬಂದ ರಕ್ತದಿಂದಲೇ ಅದು ಹೆಚ್ಚು ಆಮ್ಲಜನಕ ಹೀರಿಕೊಳ್ಳುತ್ತದೆ. ಲ್ಯಾಕ್ಟಿಕ್ ಆಮ್ಲ ಕಮ್ಮಿ ಹುಟ್ಟುತ್ತದೆ. ಅದನ್ನು ಸರಿದೂಗಿಸಲು ಏದುಸಿರು ಬಿಡಬೇಕಾದ ಕಷ್ಟವೂ ಕಮ್ಮಿ.

ಕೂತುಬಿಟ್ಟರೆ ಇದೆಲ್ಲ ಉಲ್ಟಾ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 5 ಯುವಕರನ್ನು 20 ದಿನ ಹಾಸಿಗೆಯಲ್ಲೇ ಮಲಗಿಸಿ ನೋಡಿದರು. ಅವರ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಕಾಲುಭಾಗಕ್ಕೂ ಜಾಸ್ತಿ ಇಳಿದಿತ್ತು. ಕಾಯಿಲೆಯೇ ಇಲ್ಲದವರ ಗತಿ ಇದಾದರೆ, ಕಾಯಿಲೆ ಇದ್ದವರದ್ದು ಕೇಳಬೇಕಾ?

ಎಷ್ಟು ಜೋರು? ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಏರುವುದೇ ಕಮ್ಮಿ, ಅದನ್ನು ಎಣಿಸಿ ಅಳೆಯಲಾಗದು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನನ್ನ ಪ್ರಕಾರ ಈ ಲೆಕ್ಕ ಸಾಕು. ಮುಗಿಸುವಾಗ ಮಾತ್ರ ಗಕ್ಕನೆ ನಿಲ್ಲಬೇಡಿ. ಕಾಲಿನ ನಾಳಗಳು ಇನ್ನೂ ಹಿಗ್ಗಿರುತ್ತವೆ, ರಕ್ತವನ್ನು ಮೇಲೆ ಒತ್ತುತ್ತಿದ್ದ ಮೀನಖಂಡ ಸುಮ್ಮನಾಗುತ್ತದೆ, ತಲೆ ಸುತ್ತುತ್ತದೆ. ಕೊನೆಯ ಐದು ನಿಮಿಷ ನಿಧಾನಕ್ಕೆ ನಡೆಯಿರಿ.

ಎದೆನೋವು, ಕಣ್ಣು ಕತ್ತಲೆ, ಎರಡು-ಮೂರು ದಿನದಲ್ಲಿ ಏಕಾಏಕಿ ತೂಕ ಏರಿ ಕಾಲು ಬಾವು ಇದ್ದರೆ ವ್ಯಾಯಾಮ ಬಿಟ್ಟು ಮೊದಲು ಡಾಕ್ಟರನ್ನು ನೋಡಿ. ಶ್ವಾಸಕೋಶದ ಕಾಯಿಲೆ ಇರುವವರು ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ಬೆರಳಿಗೆ ಹಾಕಿಕೊಂಡು, ಕೂತು, 95 ಅಂತ ಖುಷಿಪಟ್ಟರೆ ಸಾಲದು. ಕೂತಾಗ ಸರಿಯಿದ್ದದ್ದು ನಡೆಯುವಾಗ ಇಳಿಯಬಹುದು, ನಿಂತ ಸ್ವಲ್ಪ ಹೊತ್ತಿಗೆ ಮತ್ತೆ ಏರಿಬಿಡುತ್ತದೆ. ನಡೆಯುತ್ತಲೇ ನೋಡಿ, ಬೆರಳು ತಣ್ಣಗಿದ್ದರೆ ಉಜ್ಜಿಕೊಂಡು ನೋಡಿ. 88ಕ್ಕಿಂತ ಕೆಳಗೆ ಬಂದರೆ ನಿಂತು, ಆ ಅಂಕಿ ಬರೆದಿಟ್ಟುಕೊಂಡು ನಮಗೆ ತೋರಿಸಿ.