ಕಡಿಮೆ ಹಿಮ, ಜಾಸ್ತಿ ಅಪಾಯ: ಸೀಸನ್ ಶುರುವಿನ ಸ್ಕೀಯಿಂಗ್‌ಗೆ ನನ್ನ ಟಿಪ್ಪಣಿ

ಕೊಲೊರಾಡೊದಲ್ಲಿ ಹಿಮಕುಸಿತದ ಮೊದಲ ಹಂತದ ಕೋರ್ಸ್ ಮುಗಿಸಿ ನಾಲ್ಕು ದಿನವಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಸ್ಕೀ ಮೇಲೆ ತಿರುಗುವುದು, ನಿಲ್ಲುವುದು, ಅದರ ತಳಕ್ಕೆ ಸ್ಕಿನ್ (ಹಿಂದಕ್ಕೆ ಜಾರದ ಹಾಗೆ ಹಿಡಿಯುವ ಪಟ್ಟಿ) ಅಂಟಿಸಿಕೊಂಡು ಗುಡ್ಡ ಹತ್ತುವುದು ನಿಮಗೆ ಬರುತ್ತದೆ ಅಂದುಕೊಂಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ. ನನಗೆ ಅರ್ಥವಾಗದೆ ಎರಡು ರಾತ್ರಿ ಕಾಡಿದ ಒಂದು ವಿಷಯವಿದೆ. ಈ ಟಿಪ್ಪಣಿಯಲ್ಲಿ ಜಾಸ್ತಿ ಜಾಗ ಅದಕ್ಕೇ ಹೋಗುತ್ತದೆ.

ಮೊದಲು ಒಂದು ಪದ. ನಮ್ಮ ಪೇಪರ್‌ಗಳಲ್ಲಿ ಆಕಾಶದಿಂದ ಹಿಮ ಬಿದ್ದರೂ ‘ಹಿಮಪಾತ’, ಗುಡ್ಡದ ಮೇಲಿನ ಹಿಮ ಜರಿದು ಬಂದರೂ ‘ಹಿಮಪಾತ’. ಓದುವಾಗ ಇದು ತುಂಬಾ ಗೊಂದಲ ಮಾಡುತ್ತದೆ. ಹಾಗಾಗಿ ನಾನು ಬೀಳುವುದಕ್ಕೆ ಹಿಮಪಾತ, ಜರಿಯುವುದಕ್ಕೆ ಹಿಮಕುಸಿತ ಅಂತ ಬೇರೆ ಬೇರೆ ಇಟ್ಟುಕೊಂಡಿದ್ದೇನೆ.

ಜರಿಯುವುದಕ್ಕೆ ಏನೇನು ಬೇಕು

ಸಡಿಲ ಹಿಮ ಒಂದು ಬಿಂದುವಿನಿಂದ ಶುರುವಾಗಿ ಅಗಲವಾಗುತ್ತಾ ಇಳಿಯುವುದು ಒಂದು ಬಗೆ. ಇದು ಸಾಮಾನ್ಯವಾಗಿ ಸಣ್ಣದು. ಇನ್ನೊಂದು ಸ್ಲ್ಯಾಬ್. ಮೇಲಿನ ಗಟ್ಟಿ ಪದರ ಇಡೀ ಹಲಗೆಯ ಹಾಗೆ ಒಮ್ಮೆಲೇ ಬಿರುಕು ಬಿಟ್ಟು ಜಾರುತ್ತದೆ. ಜನ ಸಾಯುವುದು ಹೆಚ್ಚಾಗಿ ಇದರಲ್ಲಿ. ಇದಕ್ಕೆ ಕಡಿದಾದ ಇಳಿಜಾರು ಬೇಕು, ಮೇಲೆ ಹಲಗೆ ಬೇಕು, ಅದರ ಕೆಳಗೆ ದುರ್ಬಲ ಪದರ ಬೇಕು, ಕೊನೆಗೆ ಒಂದು ತಳ್ಳು ಬೇಕು. ಆ ತಳ್ಳು ಬಹುತೇಕ ಸಲ ನಾವೇ. ಹಿಮಕುಸಿತಕ್ಕೆ ಸಿಕ್ಕಿದ 10ರಲ್ಲಿ ಸುಮಾರು 9 ಪ್ರಕರಣಗಳಲ್ಲಿ ಅದನ್ನು ಬೀಳಿಸಿದ್ದು ಸಿಕ್ಕಿಕೊಂಡವರೇ ಅಥವಾ ಅವರ ಜೊತೆಗಿದ್ದವರೇ.

ನನ್ನನ್ನು ಕಾಡಿದ ಹಂತ: ತೆಳು ಹಿಮ ಯಾಕೆ ಕೆಟ್ಟದ್ದು

ನನ್ನ ತಲೆಯಲ್ಲಿದ್ದ ಲೆಕ್ಕ ಸರಳ. ಜಾಸ್ತಿ ಹಿಮ ಅಂದರೆ ಜಾಸ್ತಿ ಅಪಾಯ. ನವೆಂಬರ್‌ನಲ್ಲಿ ಮೊಣಕಾಲು ಮಟ್ಟ ಕೂಡ ಇರುವುದಿಲ್ಲ, ಅದೇನು ಮಾಡೀತು? ಆದರೆ ಪಾಠ ಹೇಳಿದವರು ಬೋರ್ಡಿನ ಮೇಲೆ ಮೊದಲು ಬರೆದದ್ದೇ ಇದರ ಉಲ್ಟಾ: ಹಿಮ ತೆಳುವಾಗಿದ್ದಷ್ಟೂ ಅದು ದುರ್ಬಲವಾಗುತ್ತದೆ. ನಾನು ಬರೆದುಕೊಂಡೆ, ಒಪ್ಪಲಿಲ್ಲ. ಒಪ್ಪಿದ್ದು ಅಂಕಿ ಹಾಕಿ ನೋಡಿದ ಮೇಲೆ.

ನೆಲದಿಂದ ಶುರು ಮಾಡೋಣ. ಹಿಮದ ಕೆಳಗಿನ ನೆಲ ಹೊರಗಿನ ಗಾಳಿಯಷ್ಟು ತಣ್ಣಗಿರುವುದಿಲ್ಲ. ಬೇಸಿಗೆಯ ಬಿಸಿ ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ, ಮೇಲೆ ಹಿಮದ ಕಂಬಳಿ ಬೇರೆ. ಹಾಗಾಗಿ ಹಿಮ ನೆಲಕ್ಕೆ ತಾಗುವ ಕಡೆ ಉಷ್ಣತೆ ಹೆಚ್ಚು ಕಡಿಮೆ 0 ಡಿಗ್ರಿ ಸೆಲ್ಸಿಯಸ್. ಮೇಲ್ಮೈ ರಾತ್ರಿಯ ಚಳಿಗೆ −12 ಆಗಿದೆ ಅಂದುಕೊಳ್ಳಿ.

ನವೆಂಬರ್‌ನಲ್ಲಿ 40 ಸೆಂಟಿಮೀಟರ್ ಹಿಮ ಇದೆ. 12 ಡಿಗ್ರಿಯ ವ್ಯತ್ಯಾಸ 40 ಸೆಂಟಿಮೀಟರಿನೊಳಗೇ ಮುಗಿಯಬೇಕು. ಅಂದರೆ ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿ. ಫೆಬ್ರವರಿಯಲ್ಲಿ 160 ಸೆಂಟಿಮೀಟರ್ ಇದೆ, ಚಳಿ ಅಷ್ಟೇ. ಈಗ ಪ್ರತಿ 10 ಸೆಂಟಿಮೀಟರಿಗೆ ಮುಕ್ಕಾಲು ಡಿಗ್ರಿ ಮಾತ್ರ. ಇದು ಸರಾಸರಿ ಲೆಕ್ಕ, ನಿಜದಲ್ಲಿ ಪದರದಿಂದ ಪದರಕ್ಕೆ ಏರುಪೇರು ಇರುತ್ತದೆ. ನೆನಪಿಡಬೇಕಾದ ಗೆರೆ 10 ಸೆಂಟಿಮೀಟರಿಗೆ 1 ಡಿಗ್ರಿ. ಅದಕ್ಕಿಂತ ಜಾಸ್ತಿಯಾದರೆ ಹಿಮದ ಕಣಗಳ ಆಕಾರವೇ ಬದಲಾಗತೊಡಗುತ್ತದೆ.

ಯಾಕೆ ಬದಲಾಗುತ್ತದೆ? ನನಗೆ ಸಿಕ್ಕಿಕೊಂಡಿದ್ದು ಇಲ್ಲೇ. ಇಡ್ಲಿ ಪಾತ್ರೆ ನೆನಪಿಸಿಕೊಳ್ಳಿ. ಕೆಳಗಿನ ಬಿಸಿಯಿಂದ ಆವಿ ಏಳುತ್ತದೆ, ಮೇಲಿನ ಮುಚ್ಚಳ ಅಷ್ಟು ಬಿಸಿಯಿಲ್ಲ, ಅದರ ಒಳಮೈಗೆ ಹನಿ ಕಟ್ಟುತ್ತದೆ. ಹಿಮದೊಳಗೂ ಆವಿ ಇದೆ. ಹಿಮದ ಬಹುಪಾಲು ಗಾಳಿಯೇ, ಆ ಗಾಳಿಯ ಸಂದುಗಳಲ್ಲಿ ನೀರಾವಿ ತುಂಬಿರುತ್ತದೆ. ಕೆಳಗೆ ಬೆಚ್ಚಗೆ, ಮೇಲೆ ತಣ್ಣಗೆ. ಆವಿ ಮೇಲಕ್ಕೆ ಹೊರಡುತ್ತದೆ, ದಾರಿಯಲ್ಲಿ ಸಿಕ್ಕ ತಣ್ಣನೆಯ ಕಣದ ಹೊಟ್ಟೆಗೆ ಅಂಟಿ ಮಂಜುಗಡ್ಡೆಯಾಗುತ್ತದೆ. ಆ ಕಣದ ಮೇಲ್ಭಾಗದಿಂದ ಮತ್ತೆ ಆವಿ ಎದ್ದು ಅದರ ಮೇಲಿನ ಕಣಕ್ಕೆ ಹೋಗುತ್ತದೆ. ಪ್ರತಿ ಕಣವೂ ತನ್ನ ಕೆಳಗಿನದಕ್ಕೆ ಮುಚ್ಚಳ. ಇದು ಹೊಳೆದ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡಿತು.

ವ್ಯತ್ಯಾಸ ಕಡಿಮೆ ಇದ್ದಾಗ ಈ ಕೆಲಸ ನಿಧಾನ. ಆಗ ಕಣಗಳು ದುಂಡಗಾಗುತ್ತವೆ, ಪಕ್ಕದ ಕಣದ ಜೊತೆ ಕತ್ತು ಬೆಸೆದುಕೊಳ್ಳುತ್ತವೆ, ಹಿಮ ಗಟ್ಟಿಯಾಗುತ್ತದೆ. ವ್ಯತ್ಯಾಸ ಜಾಸ್ತಿ ಇದ್ದರೆ ಆವಿ ಭರಭರನೆ ಬಂದು ಕೂರುತ್ತದೆ. ಕಣಗಳು ದೊಡ್ಡದಾಗುತ್ತವೆ, ಚಪ್ಪಟೆ ಮುಖ, ಚೂಪು ಮೂಲೆ ಬರುತ್ತದೆ, ಒಂದಕ್ಕೊಂದು ಹಿಡಿತವೇ ಇರುವುದಿಲ್ಲ. ಇದಕ್ಕೆ ಫ್ಯಾಸೆಟ್ ಅನ್ನುತ್ತಾರೆ. ನೆಲಕ್ಕೆ ಹತ್ತಿರ ಬೆಳೆದು ದೊಡ್ಡದಾದರೆ ಡೆಪ್ತ್ ಹೋರ್. ರೊಟ್ಟಿ ಹಿಟ್ಟು ಹಿಡಿದು ಒತ್ತಿದರೆ ಉಂಡೆಯಾಗುತ್ತದೆ, ದಪ್ಪ ರವೆ ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ದುಂಡು ಕಣ ಹಿಟ್ಟು, ಫ್ಯಾಸೆಟ್ ರವೆ.

ಕೊಲೊರಾಡೊದ ಬರ್ಥಡ್ ಪಾಸ್ (ಬೆಟ್ಟ ದಾಟುವ ಘಾಟಿ) ಹತ್ತಿರ ಉತ್ತರ ಮುಖದ ಒಂದು ಸಣ್ಣ ಇಳಿಜಾರಿನಲ್ಲಿ ಗುಂಡಿ ತೋಡಿದ್ದೆವು. ಮೇಲಿನ ಭಾಗವನ್ನು ಸಲಿಕೆಯಿಂದ ಇಟ್ಟಿಗೆಯಂತೆ ಕತ್ತರಿಸಬಹುದಿತ್ತು. ತಳದ ಒಂದು ಗೇಣಿಗೆ ಸಲಿಕೆ ತಾಗಿದ ಕೂಡಲೇ ತೂತು ಬಿದ್ದ ಮೂಟೆಯಿಂದ ಸಕ್ಕರೆ ಸುರಿದ ಹಾಗೆ ಕಣಗಳು ಸುರಿದು ನನ್ನ ಬೂಟಿನ ಮೇಲೆ ಗುಡ್ಡೆಯಾದವು. ಒಂದು ಚಿಟಿಕೆ ತೆಗೆದು ಕಪ್ಪು ಕಾರ್ಡಿನ ಮೇಲೆ ಹಾಕಿ ಭೂತಗನ್ನಡಿಯಲ್ಲಿ ನೋಡಿದೆ. 3 ಮಿಲಿಮೀಟರಿನ ಒಂದು ಕಣ, ಬೋರಲು ಹಾಕಿದ ಬಟ್ಟಲಿನ ಆಕಾರ, ಒಳಗೆ ಕಲ್ಯಾಣಿಯ ಮೆಟ್ಟಿಲಿನಂತೆ ಗೆರೆ ಗೆರೆ. ನೋಡಲು ಬಹಳ ಚೆಂದ. ಇದರ ಮೇಲೆ ಇಡೀ ಚಳಿಗಾಲದ ಹಿಮ ಕೂರುತ್ತದೆ ಅಂತ ನೆನೆದರೆ ಮೈ ಜುಮ್ಮೆನ್ನುತ್ತದೆ.

ಈಗ ಒಂದು ಸಂದೇಹ ಬರಬೇಕು. ಈ ರವೆ ತಾನಾಗಿ ಅಪಾಯವೇ? ಅಷ್ಟೇನೂ ಇಲ್ಲ. ಅಕ್ಟೋಬರ್‌ನಲ್ಲಿ ಅದು ಸುಮ್ನೆ ಬಿದ್ದಿರುತ್ತದೆ. ಮೇಲೆ ಹಲಗೆ ಇಲ್ಲವಲ್ಲ. ನವೆಂಬರ್‌ನ ಒಂದು ಬಿರುಗಾಳಿ ಹೊಸ ಹಿಮ ತಂದು, ಗಾಳಿ ಅದನ್ನು ಗುಡ್ಡದ ಬೆನ್ನಿನ ಆಚೆ ಬದಿಗೆ ತಳ್ಳಿ ಒತ್ತಾಗಿ ಕೂರಿಸಿದ ದಿನ ಹಲಗೆ ಸಿದ್ಧ. ಮನೆಯಲ್ಲೇ ಮಾಡಿ ನೋಡಬಹುದು. ರೊಟ್ಟಿ ಮಣೆಯ ಮೇಲೆ ಬರೀ ರವೆ ಹರಡಿ ಮೆಲ್ಲಗೆ ಓರೆ ಮಾಡಿ, ಅಲ್ಲಲ್ಲಿ ಒಂದಿಷ್ಟು ಉದುರುತ್ತದೆ. ಅದರ ಮೇಲೊಂದು ನೋಟ್‌ಬುಕ್ ಇಟ್ಟು ಓರೆ ಮಾಡಿ, ಪುಸ್ತಕ ಇಡಿಯಾಗಿ ಜಾರುತ್ತದೆ. ನಾನು ಮೂರು ಸಲ ಮಾಡಿದೆ.

ಉತ್ತರ ಮುಖದ ಇಳಿಜಾರು ಅಂತ ಎಲ್ಲರೂ ಒತ್ತಿ ಹೇಳುವುದೂ ಇದಕ್ಕೇ. ಅಕ್ಟೋಬರ್‌ನ ಹಿಮ ದಕ್ಷಿಣಕ್ಕೆ ಮುಖ ಮಾಡಿದ ಕಡೆ ಬಿಸಿಲಿಗೆ ಕರಗಿ ನೆಲ ಕಾಣುತ್ತದೆ. ನೆರಳಿನ ಉತ್ತರದಲ್ಲಿ ಉಳಿಯುತ್ತದೆ, ಉಳಿದದ್ದು ರವೆಯಾಗುತ್ತದೆ. ನವೆಂಬರ್‌ನಲ್ಲಿ ಸ್ಕೀ ಮಾಡುವಷ್ಟು ಹಿಮ ಸಿಗುವುದೂ ಅಲ್ಲೇ ಅಲ್ವಾ? ನಮ್ಮ ಆಸೆ ಮತ್ತು ದುರ್ಬಲ ಪದರ ಒಂದೇ ಜಾಗದಲ್ಲಿ ಸೇರುತ್ತವೆ.

ಇದು ನವೆಂಬರಿಗೆ ಮುಗಿಯುವುದೂ ಇಲ್ಲ. ಡೆಪ್ತ್ ಹೋರ್ ವಾಸಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕು. 2020ರ ಚಳಿಗಾಲದ ಶುರುವಿನಲ್ಲಿ ಹೀಗೆ ಆದ ಪದರ ಕೊಲೊರಾಡೊವನ್ನು ಸೀಸನ್ ಪೂರ್ತಿ ಕಾಡಿತು. 2020–21ರಲ್ಲಿ ಆ ಒಂದು ರಾಜ್ಯದಲ್ಲೇ 12 ಜನ, ಅಮೆರಿಕ ಪೂರ್ತಿ 37 ಜನ ಹಿಮಕುಸಿತಕ್ಕೆ ಸಿಕ್ಕಿ ಸತ್ತರು. 2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್‌ನಲ್ಲಿ 6 ಜನ ಸಿಕ್ಕಿಕೊಂಡರು, 5 ಜನ ಉಳಿಯಲಿಲ್ಲ. ಜರಿದದ್ದು ತಳದ ಡೆಪ್ತ್ ಹೋರ್ ಮೇಲೆ, ವಸಂತ ಬಂದ ಮೇಲೆ. ಅವರು ಆ ಇಳಿಜಾರಿನ ಮೇಲೆ ಸ್ಕೀ ಮಾಡುತ್ತಿರಲಿಲ್ಲ, ಬುಡದಲ್ಲಿ ಹಾದು ಹೋಗುತ್ತಿದ್ದರು. ಒಂದು ಕಡೆ ಕುಸಿದ ಪದರ ಬಿರುಕನ್ನು ಮೇಲಕ್ಕೆ ಒಯ್ಯುತ್ತದೆ. ಕಾಲಡಿ ‘ಧಪ್’ ಅಂತ ಟೊಳ್ಳು ಸದ್ದು ಬಂದರೆ ಪದರ ಕುಸಿಯಿತು ಅಂತಲೇ ಅರ್ಥ. ಆ ಸದ್ದು ಕೇಳಿದ ಮೇಲೆ ಬೇರೆ ಪರೀಕ್ಷೆ ಬೇಕಿಲ್ಲ.

ಕೋನ ಅಳೆಯಲು ನನಗೆ ಇಷ್ಟವಾದ ಉಪಾಯ

ಸ್ಲ್ಯಾಬ್‌ಗಳು ಹೆಚ್ಚಾಗಿ ಜರಿಯುವುದು 30ರಿಂದ 45 ಡಿಗ್ರಿಯ ನಡುವೆ. 30ಕ್ಕಿಂತ ಕಡಿಮೆ ಇರುವ ಕಡೆ, ಮೇಲೆ ಕಡಿದಾದದ್ದು ಏನೂ ಇಲ್ಲದಿದ್ದರೆ, ನೆಮ್ಮದಿಯಿಂದ ಓಡಾಡಬಹುದು. ಕಣ್ಣಂದಾಜು ಮಾತ್ರ ನಂಬಬೇಡಿ. ನಾನು 35 ಅಂದ ಇಳಿಜಾರು ಅಳೆದರೆ 28 ಇತ್ತು. ಶೇಕಡಾ ಲೆಕ್ಕವನ್ನೂ ಡಿಗ್ರಿಯನ್ನೂ ಬೆರೆಸಬೇಡಿ: 100 ಶೇಕಡಾ ಅಂದರೆ 45 ಡಿಗ್ರಿ.

ಫೋನಿನಲ್ಲಿ ಅಳೆಯಬಹುದು. ಆದರೆ ಚಳಿಗೆ ಫೋನ್ ಆರಿಹೋಗುತ್ತದೆ. ಎರಡು ಸ್ಕೀ ಕೋಲು ಸಾಕು. ಒಂದು ಕೋಲಿನ ತುದಿಯನ್ನು ಎದುರಿನ ಏರಿಗೆ ತಾಗಿಸಿ ಕೋಲನ್ನು ಮಟ್ಟಸವಾಗಿ ಅಡ್ಡ ಹಿಡಿಯಿರಿ. ಅದರ ಹಿಡಿಯಿಂದ ಇನ್ನೊಂದನ್ನು ನೇರ ಕೆಳಗೆ ಇಳಿಬಿಡಿ. ಅಡ್ಡ ಕೋಲಿನಿಂದ ಹಿಮದವರೆಗಿನ ಎತ್ತರ ಎಷ್ಟು ನೋಡಿ. ಪೂರ್ತಿ ಕೋಲಿನಷ್ಟಿದ್ದರೆ 45 ಡಿಗ್ರಿ. ಸರಿಯಾಗಿ ಅರ್ಧ ಇದ್ದರೆ ಸುಮಾರು 27. ನನ್ನ ಕೋಲು 120 ಸೆಂಟಿಮೀಟರ್. ಹಿಡಿಯ ಮೇಲ್ತುದಿಯಿಂದ 69 ಸೆಂಟಿಮೀಟರಿಗೆ ಹಳದಿ ಟೇಪು, ಅದು 30 ಡಿಗ್ರಿ. 84ಕ್ಕೆ ಕೆಂಪು ಟೇಪು, ಅದು 35. ನಿಮ್ಮ ಕೋಲಿನ ಉದ್ದವನ್ನು 0.58ರಿಂದ ಮತ್ತು 0.70ರಿಂದ ಗುಣಿಸಿದರೆ ನಿಮ್ಮ ಗುರುತು ಸಿಗುತ್ತದೆ. ಹೈಸ್ಕೂಲಿನ ಟ್ಯಾನ್ ಥೀಟಾ ಇಷ್ಟು ವರ್ಷದ ಮೇಲೆ ಕೈಗೆ ಬಂತು! ಹಿಮ ಹಳದಿ ಗುರುತಿಗಿಂತ ಮೇಲೇ ತಾಗಿದರೆ ಕಡಿದಲ್ಲ. ಅದಕ್ಕಿಂತ ಕೆಳಗಿದ್ದರೆ ನಿಂತು ಯೋಚಿಸಬೇಕು.

ಮುನ್ಸೂಚನೆಯ ಅಂಕಿ

ಕೊಲೊರಾಡೊ ಹಿಮಕುಸಿತ ಮಾಹಿತಿ ಕೇಂದ್ರ ಚಳಿಗಾಲದಲ್ಲಿ ದಿನವೂ 1ರಿಂದ 5ರ ಅಳತೆಯಲ್ಲಿ ಅಪಾಯ ಹೇಳುತ್ತದೆ. 3 ಅಂದರೆ ನಡುಮಧ್ಯ, ಪರವಾಗಿಲ್ಲ ಅಂತ ಓದಿಕೊಳ್ಳುವುದು ದೊಡ್ಡ ತಪ್ಪು. 3ರಲ್ಲಿ ಮನುಷ್ಯರ ಭಾರಕ್ಕೆ ಜರಿಯುವ ಸಂಭವ ಹೆಚ್ಚು. 2ರಲ್ಲೂ ಅದು ಸಾಧ್ಯ. ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಪ್ರತಿ ಅಂಕಿಗೂ ಜಿಗಿಯುತ್ತದೆ. ಇನ್ನೊಂದು ವಿಷಯ: ಇನ್ನೂ ತೆರೆಯದ ಸ್ಕೀ ರೆಸಾರ್ಟ್‌ನ ಗುಡ್ಡವನ್ನು ರೆಸಾರ್ಟ್ ಅಂದುಕೊಳ್ಳಬೇಡಿ. ಸೀಸನ್ ಶುರುವಾಗುವವರೆಗೆ ಅಲ್ಲಿ ಸ್ಫೋಟಕ ಹಾಕಿ ಹಿಮ ಬೀಳಿಸುವವರು ಯಾರೂ ಇರುವುದಿಲ್ಲ. ಅದೂ ಕಾಡುಗುಡ್ಡವೇ.

ಹೂತುಹೋದರೆ

ಹಿಮಕುಸಿತ ಅಂದರೆ ನನ್ನಂಥವರಿಗೆ ಮೊದಲು ನೆನಪಾಗುವುದು ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹೂತುಹೋಗಿ ಆರನೇ ದಿನ ಜೀವಂತ ಸಿಕ್ಕಿದರು. ಜೊತೆಗಿದ್ದ 9 ಯೋಧರು ಉಳಿಯಲಿಲ್ಲ. ಫೆಬ್ರವರಿ 11ರಂದು ಅವರೂ ಹೋದರು. ಊರಿಗೆ ಊರೇ ಪ್ರಾರ್ಥನೆ ಮಾಡಿದ ದಿನಗಳು ಅವು. ಆ ಸುದ್ದಿಯಿಂದ ನನ್ನ ಮನಸ್ಸಿನಲ್ಲಿ ಒಂದು ತಪ್ಪು ಎಣಿಕೆ ಉಳಿದಿತ್ತು: ಹಿಮದಡಿ ದಿನಗಟ್ಟಲೆ ಬದುಕಬಹುದು ಅಂತ. ಅವರ ಸುತ್ತ ಡೇರೆಯೊಳಗೆ ಗಾಳಿ ಉಳಿದಿತ್ತು. ಸ್ಕೀ ಮಾಡುವವರ ಸುತ್ತ ಉಳಿಯುವುದಿಲ್ಲ, ಹಿಮ ಸಿಮೆಂಟಿನಂತೆ ಬಿಗಿಯುತ್ತದೆ. ಮೊದಲ 10 ನಿಮಿಷದೊಳಗೆ ಹೊರತೆಗೆದರೆ 10ರಲ್ಲಿ 9 ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ ಮೂರರಲ್ಲಿ ಒಬ್ಬರು. ಹೆಲಿಕಾಪ್ಟರ್ ಬರುವಷ್ಟು ಹೊತ್ತಿಲ್ಲ, ಜೊತೆಗಿದ್ದವರೇ ತೆಗೆಯಬೇಕು. ಸೀಸನ್ ಶುರುವಿನಲ್ಲಿ ಇನ್ನೊಂದು ಕಷ್ಟವೂ ಇದೆ. ಬಂಡೆ, ಮರದ ಬೊಡ್ಡೆ ಮುಚ್ಚಿರುವುದಿಲ್ಲ. ಸಣ್ಣ ಜರಿತ ಕೂಡ ಅವುಗಳ ಮೇಲೆ ಎಳೆದುಕೊಂಡು ಹೋಗುತ್ತದೆ.

ಬೀಕನ್ (ಹೂತವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕಡ್ಡಿ), ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಬೇರೆ ಬೇರೆ ಕಂಪನಿಯವೂ ಹೊಂದುತ್ತವೆ. ಫೋನನ್ನು ಸುಮ್ಮನೆ ನಡೆಯುವಾಗ ಬೀಕನ್ನಿನಿಂದ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಿ. ಕಳೆದ ಏಪ್ರಿಲ್‌ನಲ್ಲಿ ಎತ್ತಿಟ್ಟ ನನ್ನ ಬೀಕನ್ನಿನ ಬ್ಯಾಟರಿ ಮುಚ್ಚಳ ತೆಗೆದಾಗ ಒಳಗೆ ಬಿಳಿ ಪುಡಿ ಕಟ್ಟಿತ್ತು. ಬ್ಯಾಟರಿ ಸೋರಿ ಸ್ಪ್ರಿಂಗನ್ನು ತಿಂದಿತ್ತು. ಸೀಸನ್ ಮುಗಿದ ದಿನವೇ ಬ್ಯಾಟರಿ ಹೊರಗೆ ತೆಗೆದಿಡಿ. ಅಗೆಯುವಾಗ ಪ್ರೋಬ್ ಚುಚ್ಚಿದ ಜಾಗದಿಂದಲೇ ನೇರ ಕೆಳಕ್ಕೆ ತೋಡಬೇಡಿ. ಇಳಿಜಾರಿನ ಕೆಳಬದಿಗೆ ಬಂದು ಅಡ್ಡವಾಗಿ ಒಳಗೆ ತೋಡಿಕೊಂಡು ಹೋಗಿ.

ಅಕ್ಟೋಬರ್‌ನ ಫೋಟೋ

ರವೆ ಎಲ್ಲಿದೆ ಅಂತ ದೊಡ್ಡ ಹಿಮ ಬಿದ್ದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಎಲ್ಲ ಕಡೆ ಒಂದೇ ಬಿಳಿ. ಕಾಣುವುದು ಅದಕ್ಕೆ ಮುಂಚೆ. ಮೊದಲ ದೊಡ್ಡ ಹಿಮಪಾತದ ಮುನ್ಸೂಚನೆ ಬಂದಾಗ, ಅದರ ಹಿಂದಿನ ದಿನ ಪಾಸ್ ಮೇಲೆ ಕಾರು ನಿಲ್ಲಿಸಿ ಎದುರಿನ ಗುಡ್ಡಗಳ ಫೋಟೋ ತೆಗೆದುಕೊಳ್ಳಿ. ಯಾವ ಕಡೆ ಹಳೆ ಹಿಮ ಉಳಿದಿದೆ, ಯಾವ ಕಡೆ ಬರೀ ಹುಲ್ಲು ಅಂತ ಸ್ಪಷ್ಟ ಗೊತ್ತಾಗುತ್ತದೆ. ಆ ಹಳೆ ಹಿಮದ ತೇಪೆಗಳೇ ಮುಂದಿನ ದುರ್ಬಲ ಪದರ. ಇದನ್ನು ಕೋರ್ಸ್ ಮುಗಿಯುವಾಗ ಹೇಳಿಕೊಟ್ಟರು. ನನ್ನ ಹತ್ತಿರ ಈ ವರ್ಷದ ಫೋಟೋ ಇಲ್ಲ. ಹಾಗಾಗಿ ಈ ಸೀಸನ್ನಿನಲ್ಲಿ ಉತ್ತರ ಮುಖದ ಎಲ್ಲ ಕಡಿದಾದ ಇಳಿಜಾರನ್ನೂ ಮ್ಯಾಪಿನಲ್ಲಿ ಕೆಂಪು ಬಳಿದು ಬಿಟ್ಟಿದ್ದೇನೆ. ಮುಂದಿನ ಅಕ್ಟೋಬರ್ 10ಕ್ಕೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ.